ಫ್ಲೋರಿಡಾ ಲೈಸೆನ್ಸ್ ನವೀಕರಣ: ಬೆನ್ನುಮೂಳೆ ಇಮೇಜಿಂಗ್ ಮತ್ತು ಕ್ಲಿನಿಕಲ್ ನೋಟ್ಸ್‌ಗೆ ಎಂಥ ಕೋರ್ಸ್ ತಗೋಬೇಕು?

ಬೆನ್ನೆಲುಬು_ಟ್ಯಾಂಪಾ:

ಎಲ್ಲರಿಗೂ ನಮಸ್ಕಾರ. ಫ್ಲೋರಿಡಾದಲ್ಲಿ ಕೈರೋಪ್ರ್ಯಾಕ್ಟರ್ (ಬೆನ್ನುಮೂಳೆಗೆ ಕೈಯಿಂದ ಚಿಕಿತ್ಸೆ ಕೊಡುವವರು) ಲೈಸೆನ್ಸ್ ಉಳಿಸಿಕೊಳ್ಳಲು ಎರಡು ವರ್ಷಕ್ಕೆ 40 ಗಂಟೆ ಸಿಇ (ಮುಂದುವರಿದ ಶಿಕ್ಷಣ) ಬೇಕಲ್ಲ. 27 ಸಾಮಾನ್ಯ, 6 ಡಾಕ್ಯುಮೆಂಟೇಶನ್ ಮತ್ತು ಕೋಡಿಂಗ್, ಉಳಿದದ್ದು ನೀತಿ, ರಿಸ್ಕ್ ಮ್ಯಾನೇಜ್‌ಮೆಂಟ್, ರಾಜ್ಯದ ಕಾನೂನು, ವೈದ್ಯಕೀಯ ತಪ್ಪುಗಳು. ಸಾಮಾನ್ಯ ಗಂಟೆಗಳಲ್ಲಿ ಹತ್ತು ಹನ್ನೆರಡನ್ನು ಬೆನ್ನುಮೂಳೆ ಇಮೇಜಿಂಗ್‌ಗೇ ಇಡೋಣ ಅಂತಿದ್ದೇನೆ.

ಕ್ಲಿನಿಕ್ಕಿಗೆ ಬರುವವರಲ್ಲಿ ಹೆಚ್ಚಿನವರು 65 ದಾಟಿದವರು, ಮೆಡಿಕೇರ್ (ಹಿರಿಯರ ಸರ್ಕಾರಿ ವಿಮೆ) ಇರುವವರು. ಇಲ್ಲೇ ನೆಲೆಸಿದ ನಮ್ಮ ಕಡೆಯ ಹಿರಿಯರೂ ಇದ್ದಾರೆ. ಅವರು ಊರಿಗೆ ಹೋದಾಗ ಬೆಂಗಳೂರಲ್ಲೋ ಮೈಸೂರಲ್ಲೋ ಮಾಡಿಸಿದ ಎಂಆರ್‌ಐ ಫಿಲ್ಮು ಹಿಡಿದು ಬರುತ್ತಾರೆ.

ಕೇಳಬೇಕಾದ್ದು ಮೂರು. ಇಮೇಜಿಂಗ್ ಕೋರ್ಸಿನಲ್ಲಿ ಏನಿದ್ದರೆ ದುಡ್ಡು ಕೊಡಬಹುದು? ಆ 6 ಗಂಟೆಯ ಡಾಕ್ಯುಮೆಂಟೇಶನ್ ಪಾಠದಿಂದ ಆಡಿಟ್‌ಗೆ ನಿಲ್ಲುವಂಥ ನೋಟ್ಸ್ ಬರೆಯೋಕೆ ಬರುತ್ತಾ? ಊರಿಂದ ತಂದ ಎಂಆರ್‌ಐ ಇಟ್ಟುಕೊಂಡು ಮೆಡಿಕೇರ್ ಕೇಳುವ ಸಬ್ಲಕ್ಸೇಶನ್ (ಕಶೇರುಕದ ಜೋಡಣೆ ಅಥವಾ ಚಲನೆಯ ದೋಷ) ತೋರಿಸಬಹುದಾ?

ಕ್ಷಕಿರಣ:

ಮೊದಲನೇ ಪ್ರಶ್ನೆ ಹಿಡಿಯುತ್ತೇನೆ, ಉಳಿದದ್ದು ಬಿಲ್ಲಿಂಗ್ ಬಲ್ಲವರು ಹೇಳಲಿ.

ಕಲಿಸುವವರು ಡಿಎಸಿಬಿಆರ್ ಆಗಿರಲಿ, ಅಂದರೆ ಅಮೆರಿಕನ್ ಕೈರೋಪ್ರ್ಯಾಕ್ಟಿಕ್ ಬೋರ್ಡ್ ಆಫ್ ರೇಡಿಯಾಲಜಿಯ ಡಿಪ್ಲೊಮೇಟ್. ಎರಡನೆಯದಾಗಿ, ಅವರು ಸ್ಲೈಡ್ ಓದಿ ಮುಗಿಸುತ್ತಾರೋ, ನಿಮ್ಮ ಕೈಯಲ್ಲೇ ಫಿಲ್ಮ್ ಓದಿಸಿ, ರಿಪೋರ್ಟ್ ಬರೆಸಿ, ತಿದ್ದಿ ವಾಪಸ್ ಕೊಡುತ್ತಾರೋ ಕೇಳಿ. ತಿದ್ದಿಕೊಡದ ಹನ್ನೆರಡು ಗಂಟೆಗಿಂತ ತಿದ್ದಿಕೊಡುವ ನಾಲ್ಕು ಗಂಟೆ ಮೇಲು.

ಪಾಠ ಎಲ್ಲಿಂದ ಶುರುವಾಗುತ್ತೆ ಅನ್ನೋದನ್ನೂ ನೋಡಿ. ಫಿಲ್ಮ್ ತೆಗೆಯಬೇಕೋ ಬೇಡವೋ ಅನ್ನುವಲ್ಲಿಂದ ಶುರುವಾಗಬೇಕು. ಅಮೆರಿಕನ್ ಕೈರೋಪ್ರ್ಯಾಕ್ಟಿಕ್ ಅಸೋಸಿಯೇಶನ್ 2017ರಲ್ಲೇ ಹೇಳಿದೆ: ಹೊಸದಾಗಿ ಬಂದ ಸೊಂಟನೋವಿಗೆ ಅಪಾಯದ ಲಕ್ಷಣಗಳಿಲ್ಲದಿದ್ದರೆ ಮೊದಲ ಆರು ವಾರ ಇಮೇಜಿಂಗ್ ಬೇಡ, ಸುಧಾರಣೆ ನೋಡೋಕೆ ಅಂತ ಮತ್ತೆ ಮತ್ತೆ ತೆಗೆಯುವುದೂ ಬೇಡ. ಹೊಸ ರೋಗಿ ಬಂದ ಕೂಡಲೇ ಎಲ್ಲರಿಗೂ ಎಕ್ಸ್‌ರೇ ಅಂತ ಕಲಿಸುವ ಕೋರ್ಸನ್ನು ಅಲ್ಲಿಗೇ ಬಿಡಿ. ತೆಗೆಯದಿರಲು ಕಾರಣ ಏನು ಅಂತ ನೋಟ್‌ನಲ್ಲಿ ಒಂದು ಸಾಲು ಬರೆಯುವುದನ್ನೂ ಅದು ಕಲಿಸಬೇಕು: ಕ್ಯಾನ್ಸರ್ ಇತಿಹಾಸ ಇಲ್ಲ, ಜ್ವರ ಇಲ್ಲ, ತೂಕ ಇಳಿದಿಲ್ಲ, ಸ್ಟಿರಾಯ್ಡ್ ಇಲ್ಲ, ಬಿದ್ದಿಲ್ಲ, ಮೂತ್ರ ಕಟ್ಟಿಲ್ಲ, ತೊಡೆ ಸಂದಿಯಲ್ಲಿ ಸ್ಪರ್ಶ ಸರಿಯಿದೆ. ಇದರಲ್ಲಿ ಕೊನೆಯ ಎರಡು ತಪ್ಪಿದ್ದರೆ ಅಡ್ಜಸ್ಟ್‌ಮೆಂಟ್ (ಕೈಯಿಂದ ಒತ್ತಿ ಬೆನ್ನುಮೂಳೆ ಸರಿಪಡಿಸುವುದು) ಮಾತೇ ಇಲ್ಲ, ಅದೇ ದಿನ ಎಮರ್ಜೆನ್ಸಿಗೆ ಕಳಿಸಿ.

ಕುತ್ತಿಗೆಗೆ ಪೆಟ್ಟಾಗಿ ಬಂದವರಿಗೆ ಕೆನಡಿಯನ್ ಸಿ-ಸ್ಪೈನ್ ನಿಯಮ ಬಾಯಿಪಾಠ ಇರಲಿ. ಪ್ರಜ್ಞೆ ಸರಿಯಿದ್ದು ಸ್ಥಿರವಾಗಿರುವ ರೋಗಿಗೆ ಮಾತ್ರ ಇದು ಅನ್ವಯ. 65 ಅಥವಾ ಮೇಲಿನ ವಯಸ್ಸು, ಮೂರು ಅಡಿ ಇಲ್ಲವೇ ಐದು ಮೆಟ್ಟಿಲಿಂದ ಬಿದ್ದಂಥ ಅಪಾಯಕಾರಿ ಪೆಟ್ಟು, ಕೈಕಾಲು ಜುಮುಗುಡುವುದು, ಇವುಗಳಲ್ಲಿ ಒಂದಿದ್ದರೂ ಇಮೇಜಿಂಗ್ ಬೇಕು. ನಿಮ್ಮ ಹೆಚ್ಚಿನ ರೋಗಿಗಳು ವಯಸ್ಸಿನ ಕಾರಣಕ್ಕೇ ಇದರಲ್ಲಿ ಬಂದುಬಿಡುತ್ತಾರೆ. ಈ ವಯಸ್ಸಿನಲ್ಲಿ ಡೆನ್ಸ್ (ಕುತ್ತಿಗೆಯ ಎರಡನೇ ಕಶೇರುಕದ ಮೇಲ್ಚಾಚು) ಮುರಿತ ಸಾಮಾನ್ಯ ಎಕ್ಸ್‌ರೇಯಲ್ಲಿ ತಪ್ಪಿಹೋಗುತ್ತೆ, ಸಂಶಯ ಇದ್ದರೆ ಸಿಟಿಗೇ ಕಳಿಸಿ.

ನಿಲ್ಲಿಸುವ ಕ್ರಮದ ಬಗ್ಗೆ ಕೋರ್ಸಿನಲ್ಲಿ ಒಂದು ಗಂಟೆಯಾದರೂ ಇರಲಿ. ಕುತ್ತಿಗೆಯ ಪಾರ್ಶ್ವ ಚಿತ್ರಕ್ಕೆ ಟ್ಯೂಬಿನಿಂದ 72 ಇಂಚು ದೂರ ಬೇಕು. ಸಿ7-ಟಿ1 (ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಜಾಗ) ಕಾಣದ ಚಿತ್ರ ಅಪೂರ್ಣ. ಪೆಟ್ಟಿಲ್ಲದ ರೋಗಿಯಾದರೆ ಎರಡೂ ಕೈಗೆ ಸಮ ಭಾರ ಕೊಟ್ಟು, ಪೂರ್ತಿ ಉಸಿರು ಬಿಡಿಸಿ ತೆಗೆದರೆ ಭುಜ ಇಳಿಯುತ್ತೆ. ಆದರೂ ಕಾಣದಿದ್ದರೆ ಸ್ವಿಮ್ಮರ್ಸ್ ವ್ಯೂ (ಒಂದು ಕೈ ಮೇಲೆತ್ತಿಸಿ ತೆಗೆಯುವ ಚಿತ್ರ). ಬಾಯಿ ತೆರೆಸಿ ತೆಗೆದದ್ದರಲ್ಲಿ ಮೇಲಿನ ಹಲ್ಲು ಡೆನ್ಸ್ ಮೇಲೆ ಬಂದಿದ್ದರೆ ಗಲ್ಲ ಸ್ವಲ್ಪ ಎತ್ತಿಸಿ, ತಲೆಬುರುಡೆಯ ಬುಡ ಬಂದಿದ್ದರೆ ಗಲ್ಲ ಇಳಿಸಿ. ಡೆನ್ಸ್ ಬುಡದಲ್ಲಿ ಅಡ್ಡಕ್ಕೆ ಕಾಣುವ ಕಪ್ಪು ಗೆರೆ ಎಷ್ಟೋ ಸಲ ಅಟ್ಲಾಸ್ (ಕುತ್ತಿಗೆಯ ಮೊದಲ ಕಶೇರುಕ) ಕಮಾನೋ ಹಲ್ಲೋ ಮೇಲೆ ಬಿದ್ದು ಆದ ಭ್ರಮೆ. ಆ ಗೆರೆ ಎಲುಬಿನ ಅಂಚು ದಾಟಿ ಆಚೆಗೂ ಹೋಗಿದೆಯಾ ನೋಡಿ. ಹೋಗಿದ್ದರೆ ಅದು ನೆರಳು.

ಓದುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಎಲ್5-ಎಸ್1 (ಸೊಂಟದ ಕೊನೆಯ ಡಿಸ್ಕ್) ಸವೆದದ್ದು ಕಂಡ ತಕ್ಷಣ ನೋವಿಗೆ ಕಾರಣ ಸಿಕ್ಕಿತು ಅಂತ ಕಣ್ಣು ನಿಂತುಬಿಡುತ್ತೆ. ಅದಕ್ಕೇ ಜೋಡಣೆ, ಎಲುಬು, ಡಿಸ್ಕ್-ಸಂಧಿ, ಮೃದು ಅಂಗಾಂಶ ಅಂತ ಕ್ರಮ ಇಟ್ಟುಕೊಳ್ಳಬೇಕು, ಪ್ರತಿ ಸಲ ಅದೇ ಕ್ರಮ. ಮುಂಭಾಗದ ಸೊಂಟದ ಚಿತ್ರದಲ್ಲಿ ಪ್ರತಿ ಕಶೇರುಕದ ಎರಡೂ ಪೆಡಿಕಲ್ (ಮುಂಭಾಗವನ್ನು ಹಿಂಭಾಗಕ್ಕೆ ಸೇರಿಸುವ ಗಿಡ್ಡ ಎಲುಬು) ಎಣಿಸಿ. ಒಂದು ಕಾಣದಿದ್ದರೆ ಅದೇ ಕಣ್ಣು ಮಿಟುಕಿಸುವ ಗೂಬೆಯ ಚಿಹ್ನೆ, ಮೆಟಾಸ್ಟಾಸಿಸ್ (ಬೇರೆಡೆಯ ಕ್ಯಾನ್ಸರ್ ಎಲುಬಿಗೆ ಹರಡಿದ್ದು) ಮೊದಲು ನೆನಪಾಗಬೇಕು. ಹುಟ್ಟಿನಿಂದಲೇ ಪೆಡಿಕಲ್ ಇಲ್ಲದವರಲ್ಲಿ ಎದುರು ಬದಿಯದು ಭಾರ ಹೊತ್ತು ದಪ್ಪಗೆ, ಬೆಳ್ಳಗೆ ಆಗಿರುತ್ತೆ, ಮೆಟಾಸ್ಟಾಸಿಸ್‌ನಲ್ಲಿ ಹಾಗಾಗಿರೋದಿಲ್ಲ. ಎಲುಬಿನ ಖನಿಜ 30ರಿಂದ 50 ಶೇಕಡ ಕರಗುವ ತನಕ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಆದ್ದರಿಂದ ಕ್ಯಾನ್ಸರ್ ಇತಿಹಾಸ ಇರುವವರ ಫಿಲ್ಮ್ ಸರಿಯಿದ್ದರೂ ಅಷ್ಟಕ್ಕೇ ನಿಶ್ಚಿಂತೆ ಬೇಡ. ಪಾರ್ಶ್ವ ಚಿತ್ರದಲ್ಲಿ ಎಲ್2ರಿಂದ ಎಲ್4ರ ಮುಂದೆ ಅಯೋರ್ಟಾದ ಸುಣ್ಣಗಟ್ಟಿದ ಗೋಡೆ ಉಬ್ಬಿದೆಯಾ ನೋಡಿ. ಸಂಶಯ ಬಂದರೆ ಅಲ್ಟ್ರಾಸೌಂಡ್. ಅಲ್ಲಿ 3 ಸೆಂ.ಮೀ. ಮುಟ್ಟಿದರೆ ಅನ್ಯೂರಿಸಂ (ರಕ್ತನಾಳದ ಉಬ್ಬು). ಅಷ್ಟು ಗೊತ್ತಾಗುವ ತನಕ ಸೊಂಟಕ್ಕೆ ಥ್ರಸ್ಟ್ (ಥಟ್ಟನೆ ಒತ್ತುವುದು) ಬೇಡ.

ಊರಿನ ಎಂಆರ್‌ಐ ರಿಪೋರ್ಟ್‌ಗಳ ಬಗ್ಗೆ ಒಂದು ಮಾತು. ಮೂರ್ನಾಲ್ಕು ಮಟ್ಟದಲ್ಲಿ ‘ಡಿಸ್ಕ್ ಬಲ್ಜ್, ಥೀಕಲ್ ಸ್ಯಾಕ್ ಒತ್ತಿದೆ’ (ಡಿಸ್ಕ್ ಉಬ್ಬಿ ನರಗಳ ಚೀಲ ಒತ್ತಿದೆ) ಅಂತಿರುತ್ತೆ, ಹಿರಿಯರು ಹೆದರಿರುತ್ತಾರೆ. ನೋವೇ ಇಲ್ಲದವರ ಎಂಆರ್‌ಐ, ಸಿಟಿ ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ವಿಮರ್ಶೆಯಲ್ಲಿ ಡಿಸ್ಕ್ ಬಲ್ಜ್ 20ರ ವಯಸ್ಸಿನವರಲ್ಲಿ 30 ಶೇಕಡ, 80ರವರಲ್ಲಿ 84 ಶೇಕಡ ಇತ್ತು. ರಿಪೋರ್ಟಿನ ಶಬ್ದ ನೋಡಿ ಡಯಾಗ್ನೋಸಿಸ್ ಬರೆಯಬೇಡಿ. ಯಾವ ನರ, ಯಾವ ಬದಿ, ಕಾಲಿನ ಶಕ್ತಿ, ಪ್ರತಿವರ್ತನ, ಎಲ್ಲ ಫಿಲ್ಮಿಗೆ ಹೊಂದುತ್ತಾ ನೋಡಿ. ಶಬ್ದಗಳಿಗೂ ಅಳತೆ ಇದೆ: ಡಿಸ್ಕ್ ಸುತ್ತಳತೆಯ 25 ಶೇಕಡಕ್ಕಿಂತ ಹೆಚ್ಚು ಭಾಗ ಹೊರಬಂದರೆ ಬಲ್ಜ್, ಅದಕ್ಕಿಂತ ಕಡಿಮೆ ಇದ್ದರೆ ಹರ್ನಿಯೇಶನ್.

ಕೋರ್ಸ್ ಹಳತೋ ಹೊಸತೋ ತಿಳಿಯಲು ಸುಲಭದ ಪರೀಕ್ಷೆ ಇದೆ. ಗೋನಾಡ್ ಶೀಲ್ಡ್ (ಜನನಾಂಗಕ್ಕೆ ಕಿರಣ ತಗಲದಂತೆ ಹಾಕುವ ಹೊದಿಕೆ) ಬಗ್ಗೆ ಏನು ಹೇಳುತ್ತಾರೆ ಕೇಳಿ. ಎಲ್ಲರಿಗೂ ಹಾಕುವ ರೂಢಿ ನಿಲ್ಲಿಸಿ ಅಂತ ಎನ್‌ಸಿಆರ್‌ಪಿ (ಅಮೆರಿಕದ ವಿಕಿರಣ ರಕ್ಷಣಾ ಮಂಡಳಿ) 2021ರಲ್ಲಿ ಹೇಳಿದೆ. ಇನ್ನೂ ಕಡ್ಡಾಯ ಅಂತ ಕಲಿಸುತ್ತಿದ್ದರೆ ಆ ಸ್ಲೈಡುಗಳು ಹಳೆಯವು.

ಕ್ಲೇಮು_ಮೇಜು:

ಡಾಕ್ಟ್ರೇ, ಎರಡು ಮತ್ತು ಮೂರನೆಯದಕ್ಕೆ ನಾನು ಬರೆಯುತ್ತೇನೆ.

ಈ 6 ಗಂಟೆಯನ್ನು ಕಾಟಾಚಾರಕ್ಕೆ ಮುಗಿಸಬೇಡಿ. 2013ರಲ್ಲಿ ಮೆಡಿಕೇರ್ ಕೈರೋಪ್ರ್ಯಾಕ್ಟಿಕ್‌ಗೆ ಕೊಟ್ಟ ಹಣದಲ್ಲಿ ಸುಮಾರು 82 ಶೇಕಡ, ಅಂದರೆ 35.88 ಕೋಟಿ ಡಾಲರ್, ನಿಯಮಕ್ಕೆ ಹೊಂದುವುದಿಲ್ಲ ಅಂತ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಕಚೇರಿ 2016ರಲ್ಲಿ ಅಂದಾಜು ಮಾಡಿತು.

ಎಂಆರ್‌ಐ ಪ್ರಶ್ನೆ ಮೊದಲು. ಸಬ್ಲಕ್ಸೇಶನ್ ತೋರಿಸಲು 2000ನೇ ಇಸವಿಯಿಂದ ಎಕ್ಸ್‌ರೇ ಕಡ್ಡಾಯ ಅಲ್ಲ, ದೈಹಿಕ ಪರೀಕ್ಷೆ ಸಾಕು. ಇಮೇಜಿಂಗ್‌ನಿಂದಲೇ ತೋರಿಸುವುದಾದರೆ ಸಿಟಿ, ಎಂಆರ್‌ಐ ಕೂಡ ನಡೆಯುತ್ತೆ, ಆದರೆ ಈ ಸುತ್ತಿನ ಚಿಕಿತ್ಸೆ ಶುರುವಾಗುವ ಮುಂಚಿನ 12 ತಿಂಗಳೊಳಗೆ ಅಥವಾ ಆಮೇಲಿನ 3 ತಿಂಗಳೊಳಗೆ ತೆಗೆದದ್ದಾಗಿರಬೇಕು. ಸ್ಕೋಲಿಯೋಸಿಸ್‌ನಂಥ ಶಾಶ್ವತ ತೊಂದರೆಗೆ ಹಳೆಯದೂ ಒಪ್ಪಿಗೆ. ಹಾಗಾಗಿ ಮೈಸೂರಿನ ಫಿಲ್ಮ್ ಆದರೂ ಮೂಲೆಯಲ್ಲಿರುವ ತಾರೀಕು ನೋಡಿ ನೋಟ್‌ನಲ್ಲಿ ಬರೆದುಕೊಳ್ಳಿ. ಇನ್ನೊಂದು ಮುಖ್ಯ: ಕೈರೋಪ್ರ್ಯಾಕ್ಟರ್ ಬರೆದುಕೊಟ್ಟ ಎಕ್ಸ್‌ರೇಗೆ ಮೆಡಿಕೇರ್ ಹಣ ಕೊಡೋದಿಲ್ಲ. ರೋಗಿಗೆ ಮೊದಲೇ ಹೇಳಿ.

ದೈಹಿಕ ಪರೀಕ್ಷೆಯಿಂದ ತೋರಿಸಲು ನಾಲ್ಕು ಅಂಶ: ಪಿ ನೋವು, ಎ ಅಸಮತೆ, ಆರ್ ಚಲನೆಯ ವ್ಯತ್ಯಾಸ, ಟಿ ಅಂಗಾಂಶದ ಬಿಗಿತ. ಎರಡಾದರೂ ಇರಬೇಕು, ಆ ಎರಡರಲ್ಲಿ ಒಂದು ಎ ಅಥವಾ ಆರ್ ಆಗಿರಲೇಬೇಕು. ‘ಒತ್ತಿದರೆ ನೋವು, ಸ್ನಾಯು ಬಿಗಿ’ ಅಂತ ಮಾತ್ರ ಬರೆದರೆ ಪಿ ಮತ್ತು ಟಿ ಆಯಿತು, ಕ್ಲೇಮು ನಿಲ್ಲೋದಿಲ್ಲ. ತೀರಾ ಸಾಮಾನ್ಯವಾಗಿ ಕಾಣುವ ತಪ್ಪು ಇದೇ.

ಅದರ ಬೆನ್ನಿಗೆ ಬರುವ ತಪ್ಪು ಪ್ರದೇಶಗಳ ಲೆಕ್ಕದ್ದು. ಬಿಲ್ಲಿನ ಕೋಡ್ 98940 ಅಂದರೆ ಬೆನ್ನುಮೂಳೆಯ 1-2 ಪ್ರದೇಶ, 98941 ಅಂದರೆ 3-4, 98942 ಅಂದರೆ ಐದೂ. 98941 ಹಾಕಿದ ಮೇಲೆ ಮೂರೂ ಪ್ರದೇಶಕ್ಕೆ ತೊಂದರೆಯ ವಿವರ, ಪರೀಕ್ಷೆಯ ಅಂಶ, ಡಯಾಗ್ನೋಸಿಸ್ ಬೇರೆ ಬೇರೆ ಕಾಣಬೇಕು. ಡಯಾಗ್ನೋಸಿಸ್ ಕೋಡುಗಳಲ್ಲಿ ಎಂ99.01 ಕುತ್ತಿಗೆ, .02 ಬೆನ್ನು, .03 ಸೊಂಟ, .04 ಸೇಕ್ರಮ್, .05 ಪೆಲ್ವಿಸ್. ಜೊತೆಗೆ ನರ-ಸ್ನಾಯು-ಎಲುಬಿನ ಎರಡನೇ ಡಯಾಗ್ನೋಸಿಸ್. ಸೊಂಟನೋವಿನ ಹಳೆಯ ಎಂ54.5 ಈಗ ನಡೆಯೋದಿಲ್ಲ, 2021ರ ಅಕ್ಟೋಬರ್ 1ರಿಂದ ಅದು .50, .51, .59 ಅಂತ ಒಡೆದಿದೆ. ಸಾಫ್ಟ್‌ವೇರಿನ ಹಳೆಯ ಟೆಂಪ್ಲೇಟುಗಳಲ್ಲಿ ಉಳಿದುಕೊಂಡಿದೆಯಾ ಹುಡುಕಿ.

ಚಿಕಿತ್ಸೆಯ ಯೋಜನೆಯಲ್ಲಿ ವಾರಕ್ಕೆ ಎಷ್ಟು ಸಲ, ಎಷ್ಟು ವಾರ, ಗುರಿ ಏನು, ಯಾವುದರಿಂದ ಅಳೆಯುತ್ತೀರಿ, ನಾಲ್ಕೂ ಬೇಕು. ಅಳತೆಗೆ ಸೊಂಟಕ್ಕಾದರೆ ಆಸ್ವೆಸ್ಟ್ರಿ, ಅಂದರೆ ರೋಗಿ ತುಂಬುವ ಪ್ರಶ್ನಾವಳಿ. ಹತ್ತು ವಿಭಾಗ, ಪ್ರತಿಯೊಂದಕ್ಕೂ 0ರಿಂದ 5. ಒಟ್ಟು ಅಂಕವನ್ನು 50ರಿಂದ ಭಾಗಿಸಿ ನೂರರಿಂದ ಗುಣಿಸಿ. ರೋಗಿ ಒಂದು ವಿಭಾಗ ಖಾಲಿ ಬಿಟ್ಟರೆ 45ರಿಂದ ಭಾಗಿಸಬೇಕು, ಇದನ್ನು ಮರೆತು ಅಂಕ ತಪ್ಪಾಗೋದು ಬಹಳ. ಹೀಗೆ ನೂರಕ್ಕೆ ಬಂದ ಅಂಕ 10 ಇಳಿದರೆ ಅಥವಾ ಮೊದಲಿಗಿಂತ 30 ಶೇಕಡ ಇಳಿದರೆ ನಿಜವಾದ ಸುಧಾರಣೆ ಅಂತ ತೋರಿಸಬಹುದು.

ಬೆನ್ನೆಲುಬು_ಟ್ಯಾಂಪಾ:

ಇಬ್ಬರಿಗೂ ಧನ್ಯವಾದ. ಪಿ ಮತ್ತು ಟಿ ಮಾತ್ರ ಬರೆಯುವ ವಿಷಯ ಇವತ್ತೇ ಟೆಂಪ್ಲೇಟಿನಲ್ಲಿ ನೋಡುತ್ತೇನೆ. ಎರಡನೇ ಭೇಟಿಯಿಂದ ಮುಂದಿನ ನೋಟ್ ಎಷ್ಟು ಉದ್ದ ಇರಬೇಕು? ಮೆಂಟೆನೆನ್ಸ್‌ಗೆ, ಅಂದರೆ ಇರುವ ಸ್ಥಿತಿ ಉಳಿಸಿಕೊಳ್ಳಲು ಬರುವವರದ್ದು ಹೇಗೆ?

ಮಲೆನಾಡಿಗ_ಒರ್ಲ್ಯಾಂಡೊ:

ಉದ್ದ ಮುಖ್ಯ ಅಲ್ಲ. ಕಳೆದ ಸಲಕ್ಕಿಂತ ಏನು ಬದಲಾಯಿತು, ಇವತ್ತು ಏನು ಕಂಡಿತು, ಏನು ಮಾಡಿದಿರಿ, ಇಷ್ಟಿದ್ದರೆ ಆರು ಸಾಲಿನಲ್ಲಿ ಮುಗಿಯುತ್ತೆ. ‘ಸೊಂಟನೋವು ಕಡಿಮೆ, ಅಡ್ಜಸ್ಟ್ ಮಾಡಿದೆ, ಮುಂದುವರಿಸುವುದು’ ಅನ್ನೋದರಲ್ಲಿ ಏನೂ ಇಲ್ಲ. ಇದನ್ನು ನೋಡಿ:

‘ಬಲ ಸೊಂಟದ ನೋವು 6ರಿಂದ 4ಕ್ಕೆ. ಕೂರುವುದು 20 ನಿಮಿಷ ಇದ್ದದ್ದು ಈಗ 40. ಎಲ್5 ಬಲಗಡೆ ಒತ್ತಿದರೆ ನೋವು. ಸೊಂಟ ಎಡಕ್ಕೆ ಬಾಗುವುದು 15 ಡಿಗ್ರಿ, ಕಳೆದ ಸಲ 10. ಬಲ ಇಲಿಯಮ್ ಹಿಂದಕ್ಕೆ ವಾಲಿದೆ, ಎಸ್‌ಐ ಸಂಧಿಯ ಮೇಲೆ ನೋವು. ಎಡಮಗ್ಗುಲು ಮಲಗಿಸಿ ಎಲ್5 ಮತ್ತು ಬಲ ಎಸ್‌ಐಗೆ ಕೈಯಿಂದ ಅಡ್ಜಸ್ಟ್‌ಮೆಂಟ್, ತೊಂದರೆ ಆಗಲಿಲ್ಲ. ಯೋಜನೆಯ 12ರಲ್ಲಿ ಇದು 6ನೇ ಭೇಟಿ, ಮುಂದಿನ ಭೇಟಿಯಲ್ಲಿ ಆಸ್ವೆಸ್ಟ್ರಿ ಮತ್ತೆ.’

ಸೊಂಟ, ಪೆಲ್ವಿಸ್ ಎರಡಕ್ಕೂ ಅಂಶಗಳಿವೆ, 98940 ಸರಿಹೊಂದುತ್ತೆ. ಮ್ಯಾಕ್ರೋ ಬಳಸುವುದರಲ್ಲಿ ತಪ್ಪಿಲ್ಲ, ಆದರೆ ಹಿಂದಿನ ನೋಟ್ ನಕಲಾಗಿ ಬರುವ ಬಟನ್ ಆರಿಸಿಬಿಡಿ. ಹನ್ನೆರಡು ಭೇಟಿಯಲ್ಲೂ ನೋವು 6 ಅಂತಲೇ ಇದ್ದರೆ ಚಿಕಿತ್ಸೆಯಿಂದ ಉಪಯೋಗ ಆಗಿಲ್ಲ ಅಂತ ನೀವೇ ಬರೆದುಕೊಟ್ಟಂತೆ.

ಮೆಂಟೆನೆನ್ಸ್: ಎಟಿ ಮಾಡಿಫೈಯರ್ (ಬಿಲ್ ಕೋಡಿಗೆ ಅಂಟಿಸುವ ಗುರುತು) ಸುಧಾರಣೆಯ ನಿರೀಕ್ಷೆ ಇರುವ ಸಕ್ರಿಯ ಚಿಕಿತ್ಸೆಗೆ ಮಾತ್ರ. ಎರಡು ಮರುಪರೀಕ್ಷೆಯಲ್ಲಿ ಅಂಕ ಅಲುಗಾಡದಿದ್ದರೆ ಎಟಿ ತೆಗೆಯಿರಿ. ಮುಂದಿನ ಅಡ್ಜಸ್ಟ್‌ಮೆಂಟಿಗೆ ಮುಂಚೆ ಎಬಿಎನ್ ಫಾರ್ಮಿಗೆ (ಮೆಡಿಕೇರ್ ಹಣ ಕೊಡದಿರಬಹುದು ಅಂತ ಮುಂಚೆ ತಿಳಿಸುವ ಪತ್ರ) ರೋಗಿಯ ಸಹಿ ಹಾಕಿಸಿ, ಬಿಲ್ಲಿಗೆ ಆ ಪತ್ರ ಇದೆ ಅಂತ ತೋರಿಸುವ ಜಿಎ ಹಾಕಿ. ಅಡ್ಜಸ್ಟ್‌ಮೆಂಟ್ ಆದ ಮೇಲೆ ಹಾಕಿಸಿದ ಸಹಿಗೆ ಬೆಲೆ ಇಲ್ಲ. ಇಂಗ್ಲಿಷ್ ಓದಲು ಕಷ್ಟಪಡುವ ಹಿರಿಯರಿಗೆ ಕನ್ನಡದಲ್ಲಿ ಪೂರ್ತಿ ವಿವರಿಸಿ, ಯಾರು ವಿವರಿಸಿದರು ಅಂತ ನೋಟ್‌ನಲ್ಲಿ ಬರೆಯಿರಿ. ತಿಳಿಯದೆ ಹಾಕಿದ ಸಹಿಯಿಂದ ಅವರ ಜೇಬಿಗೆ ಹೊರೆ ಬೀಳಬಾರದು.

ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಸಿಇ ಬ್ರೋಕರ್‌ನಲ್ಲಿ (ಸಿಇ ಗಂಟೆ ದಾಖಲಾಗುವ ವೆಬ್‌ಸೈಟ್) ಆ ಕೋರ್ಸ್ ಯಾವ ವರ್ಗದಲ್ಲಿದೆ ನೋಡಿ. ಹೆಸರಿನಲ್ಲಿ ಡಾಕ್ಯುಮೆಂಟೇಶನ್ ಅಂತಿದ್ದೂ ಸಾಮಾನ್ಯ ಗಂಟೆಗೆ ಸೇರುವ ಕೋರ್ಸುಗಳಿವೆ. ಹೆಸರು ಅಳಿಸಿದ ನಿಮ್ಮದೇ ನಾಲ್ಕೈದು ನೋಟ್ ತರಿಸಿಕೊಂಡು ಆಡಿಟರ್ ಓದುವ ಹಾಗೆ ಓದಿ ಗುರುತು ಹಾಕಿಕೊಡುವವರು ಸಿಕ್ಕರೆ ಅವರನ್ನೇ ಹಿಡಿಯಿರಿ.

ಕ್ಲೇಮು_ಮೇಜು:

ಮೇಲಿನವರು ಹೇಳಿದ್ದೆಲ್ಲ ಸರಿ. ಎರಡು ವಿಷಯ ಸೇರಿಸುತ್ತೇನೆ. ಖಾಸಗಿ ವಿಮೆಗೆ 72100, 72040 ತರಹದ ಎಕ್ಸ್‌ರೇ ಕೋಡನ್ನು ಪೂರ್ತಿ ಬಿಲ್ ಮಾಡಿದರೆ ಸಹಿ ಇರುವ ಪ್ರತ್ಯೇಕ ರಿಪೋರ್ಟ್ ಇರಬೇಕು: ಯಾಕೆ ತೆಗೆದದ್ದು, ಯಾವ ಯಾವ ಚಿತ್ರ, ಏನು ಕಂಡಿತು, ತೀರ್ಮಾನ ಏನು. ದಿನದ ನೋಟಿನೊಳಗೆ ‘ಎಕ್ಸ್‌ರೇ ನಾರ್ಮಲ್’ ಅಂದರೆ ಸಾಲದು. ಓದುವುದನ್ನು ಹೊರಗಿನ ರೇಡಿಯಾಲಜಿಸ್ಟ್ ಮಾಡಿ ತಾವೇ ಬಿಲ್ ಮಾಡಿದರೆ ಅವರ ಮಾಡಿಫೈಯರ್ 26 (ಓದಿದ್ದಕ್ಕೆ), ನಿಮ್ಮದು ಟಿಸಿ (ತೆಗೆದದ್ದಕ್ಕೆ).

ಇನ್ನೊಂದು, ದಾಖಲೆ ಕೇಳಿ ಪತ್ರ ಬಂದ ಮೇಲೆ ಹಳೆಯ ನೋಟ್ ತೆರೆದು ತಿದ್ದಬೇಡಿ. ಸಾಫ್ಟ್‌ವೇರಿನಲ್ಲಿ ತೆರೆದ ಸಮಯ ದಾಖಲಾಗುತ್ತೆ. ಬಿಟ್ಟುಹೋದದ್ದು ನಿಜಕ್ಕೂ ಇದ್ದರೆ ಇವತ್ತಿನ ತಾರೀಕು ಹಾಕಿ, ಯಾವ ಭೇಟಿಗೆ ಅಂತ ಹೇಳಿ, ಸಹಿ ಮಾಡಿ ಪ್ರತ್ಯೇಕ ಅಡೆಂಡಮ್ ಬರೆಯಿರಿ. ಬಿಟ್ಟುಹೋದದ್ದು ಸಹಿ ಮಾತ್ರ ಆಗಿದ್ದರೆ ಈಗ ಹೋಗಿ ಸಹಿ ಮಾಡಬೇಡಿ, ಅದಕ್ಕೆ ಸಹಿ ದೃಢೀಕರಣದ ಹೇಳಿಕೆ ಕೊಡಲು ಮೆಡಿಕೇರ್ ಅವಕಾಶ ಕೊಟ್ಟಿದೆ. ದಾಖಲೆಗಳ ಜೊತೆಗೇ ಲಗತ್ತಿಸಿ ಕಳಿಸಿ.