ಎಮಿಟೆನ್ಸ್‌ಗೆ 'ಹರವು' ಅನ್ನಬಹುದೇ?

ಗೆಳೆಯರೇ,

ಪಿಯುಸಿ ಮಕ್ಕಳಿಗಾಗಿ ಕಣ ವೇಗವರ್ಧಕಗಳ ಬಗ್ಗೆ ಬರೆಯುತ್ತಿದ್ದೇನೆ. 'ಎಮಿಟೆನ್ಸ್' ಎಂಬಲ್ಲಿ ಬಂದು ನಿಂತುಬಿಟ್ಟೆ. ವೇಗವರ್ಧಕದಲ್ಲಿ ಓಡುವ ಎಲೆಕ್ಟ್ರಾನ್ ಧಾರೆ ಎಷ್ಟು ಚೆನ್ನಾಗಿದೆ ಎಂದು ಹೇಳುವ ಮುಖ್ಯ ಅಳತೆ ಇದು. ಮೊದಲು 'ಹೊರಸೂಸುವಿಕೆ' ಅಂತ ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಕಾದ ವಸ್ತು ಶಾಖ ಬಿಡುವುದಕ್ಕೆ ಆ ಪದ ಸರಿ. ಇಲ್ಲಿ ಏನನ್ನೂ ಸೂಸುವ ಮಾತೇ ಇಲ್ಲ.

ಅಳೆಯುವ ಬಗೆ ನೋಡಿದರೆ ಅರ್ಥ ತಿಳಿಯಾಗುತ್ತದೆ. ಸಾಲಾಗಿ ಸಣ್ಣ ತೂತು ಕೊರೆದ ಲೋಹದ ತಗಡನ್ನು ಧಾರೆಗೆ ಅಡ್ಡ ಹಿಡಿಯುತ್ತಾರೆ. ಅದಕ್ಕೆ 'ಪೆಪ್ಪರ್ ಪಾಟ್' ಎಂದೇ ಹೆಸರು. ತುಸು ದೂರದಲ್ಲಿ, ಎಲೆಕ್ಟ್ರಾನ್ ಬಡಿದರೆ ಬೆಳಗುವ ಪರದೆ. ಅದರ ಮೇಲೆ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಬೆಳಕಿನ ಬೊಟ್ಟುಗಳು ಮೂಡುತ್ತವೆ. ಎಷ್ಟು ತೂತುಗಳ ಬೊಟ್ಟು ಬಿದ್ದಿದೆ ಎಂಬುದರಿಂದ ಧಾರೆಯ ಅಗಲ ಗೊತ್ತಾಗುತ್ತದೆ. ಒಂದೊಂದು ಬೊಟ್ಟು ತೂತಿಗಿಂತ ಎಷ್ಟು ಊದಿದೆ ಎಂಬುದರಿಂದ ಅಲ್ಲಿನ ಎಲೆಕ್ಟ್ರಾನ್‌ಗಳ ದಿಕ್ಕು ಎಷ್ಟು ಚದುರಿದೆ ಎಂದು ತಿಳಿಯುತ್ತದೆ. ಜಾಗ, ದಿಕ್ಕು ಎರಡನ್ನೂ ಒಂದೇ ಗ್ರಾಫಿನಲ್ಲಿ ಗುರುತಿಸಿದರೆ ಮೊಟ್ಟೆಯ ಆಕಾರ ಬರುತ್ತದೆ. ಆ ಮೊಟ್ಟೆಯ ವಿಸ್ತಾರವನ್ನು ಹೇಳುವುದೇ ಎಮಿಟೆನ್ಸ್. ಅಯಸ್ಕಾಂತ ಇಟ್ಟು ಧಾರೆಯನ್ನು ಕಿರಿದಾಗಿಸಿದರೆ ದಿಕ್ಕು ಜಾಸ್ತಿ ಚದುರುತ್ತದೆ. ಮೊಟ್ಟೆ ಓರೆಯಾಗುತ್ತದೆ, ನೀಳವಾಗುತ್ತದೆ. ವಿಸ್ತಾರ ಮಾತ್ರ ಹಾಗೇ ಉಳಿಯುತ್ತದೆ. ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಅದಕ್ಕೇ 'ಹರವು' ಹೊಳೆಯಿತು. ಕೆರೆಯ ಹರವು ಅನ್ನುತ್ತೇವಲ್ಲ, ಹಾಗೆ. ವಾಕ್ಯದಲ್ಲಿ ಹಾಕಿ ನೋಡಿದೆ: 'ಎಲೆಕ್ಟ್ರಾನ್‌ಗಳನ್ನು ಉಂಗುರದಲ್ಲಿ ಸುತ್ತಿಸಿ ಎಕ್ಸ್-ಕಿರಣ ಪಡೆಯುವ, ಫ್ರಾನ್ಸಿನ ಗ್ರೆನೋಬಲ್‌ನ ಇಎಸ್‌ಆರ್‌ಎಫ್ ಕೇಂದ್ರ 2020ರಲ್ಲಿ ಹೊಸ ಉಂಗುರದೊಂದಿಗೆ ಮತ್ತೆ ಬಾಗಿಲು ತೆರೆದಾಗ, ಅಡ್ಡಲಾಗಿ ಅಳೆದ ಹರವು ಸುಮಾರು 4 ನ್ಯಾನೋಮೀಟರ್-ರೇಡಿಯನ್‌ನಿಂದ 0.13ರ ಆಸುಪಾಸಿಗೆ ಇಳಿದಿತ್ತು. ಹಾಗಾಗಿ ಅಲ್ಲಿನ ಎಕ್ಸ್-ಕಿರಣ ಮೊದಲಿಗಿಂತ ಬಹಳ ಪ್ರಖರವಾಯಿತು.' ಓದಲು ತೊಡಕಿಲ್ಲ ಅನಿಸಿತು.

ಒಂದೇ ಅಳುಕು. 'ಹರವಾದ ಎದೆ' ಅಂದಾಗ ಬರೀ ಅಗಲ ತಾನೇ? ಮಕ್ಕಳು ಇದನ್ನೂ ಧಾರೆಯ ಅಗಲ ಅಂದುಕೊಂಡರೆ ಕಷ್ಟ. 'ಧಾರೆ ಸಣ್ಣದಿದೆ, ಹರವು ದೊಡ್ಡದಿದೆ' ಅಂತಲೂ ಬರೆಯಬೇಕಾಗುತ್ತದೆ. 'ಚದುರಳತೆ' ಅಂತ ಕಟ್ಟಬಹುದು, ಆದರೆ ಅದರಲ್ಲಿ ದಿಕ್ಕು ಮಾತ್ರ ಕೇಳಿಸುತ್ತದೆ.

ನಿಮ್ಮ ಕಡೆ 'ಹರವು' ಯಾವುದಕ್ಕೆಲ್ಲ ಬಳಕೆಯಲ್ಲಿದೆ? ಇನ್ನೊಂದು: ನೇರ ವೇಗವರ್ಧಕದಲ್ಲಿ ಎಲೆಕ್ಟ್ರಾನ್‌ಗಳ ಶಕ್ತಿ ಏರಿದಂತೆ ಎಮಿಟೆನ್ಸ್ ತಾನಾಗಿ ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನು ಸರಿದೂಗಿಸಿ ಹೇಳುವ 'ನಾರ್ಮಲೈಸ್ಡ್ ಎಮಿಟೆನ್ಸ್'ಗೂ ಒಂದು ಪದ ಬೇಕಿದೆ.