ಸಹಾಯ ಬೇಕು: ಟೆಕ್ಸಾಸ್ ಹೈಸ್ಕೂಲ್ ಕ್ರೆಡಿಟ್ ಬಗ್ಗೆ ಗೊತ್ತಿರುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮಗಳು ಬೆಂಗಳೂರಿನಲ್ಲಿ ಒಂಬತ್ತನೇ ತರಗತಿ ಮುಗಿಸಿದ್ದಾಳೆ. ಆಗಸ್ಟ್‌ನಲ್ಲಿ ಡಲ್ಲಾಸ್ ಹತ್ತಿರ ಹತ್ತನೇ ಗ್ರೇಡ್‌ಗೆ ಸೇರಬೇಕು.

ಅಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಥರ ಕೊನೆಯ ಪರೀಕ್ಷೆಯೇ ಎಲ್ಲಾ ಅಲ್ಲ. ಒಂದೊಂದು ವಿಷಯಕ್ಕೂ ಕ್ರೆಡಿಟ್ ಕೂಡಿಸುತ್ತಾ ಹೋಗಬೇಕು. 70 ಅಂಕ ಬಂದರೆ ಸೆಮಿಸ್ಟರ್‌ಗೆ ಅರ್ಧ ಕ್ರೆಡಿಟ್. ಡಿಪ್ಲೊಮಾಗೆ (ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರ) ಕನಿಷ್ಠ 22 ಕ್ರೆಡಿಟ್, ಎಂಡಾರ್ಸ್‌ಮೆಂಟ್ (ಒಂದು ಕ್ಷೇತ್ರ ಆರಿಸಿ ಹೆಚ್ಚು ಓದಿದ್ದಕ್ಕೆ ಮನ್ನಣೆ) ಬೇಕಿದ್ದರೆ 26. ಜೊತೆಗೆ ಆಲ್ಜೀಬ್ರಾ 1, ಬಯಾಲಜಿಯಂಥ ವಿಷಯಗಳಿಗೆ ರಾಜ್ಯದ ಪರೀಕ್ಷೆಯೂ ಇದೆ.

ನನ್ನ ಚಿಂತೆ ಇಲ್ಲಿ ಓದಿದ ಒಂಬತ್ತನೆಯದ್ದು. ನಮ್ಮಲ್ಲಿ ಗಣಿತ ಅಂದರೆ ಬೀಜಗಣಿತ, ರೇಖಾಗಣಿತ ಎಲ್ಲಾ ಒಟ್ಟಿಗೆ. ವಿಜ್ಞಾನವೂ ಹಾಗೇ. ಅಲ್ಲಿ ಬೇರೆ ಬೇರೆ, ಅಲ್ವಾ? ಹಾಗಾದರೆ ಆಲ್ಜೀಬ್ರಾ 1ಕ್ಕೆ, ಬಯಾಲಜಿಗೆ ಕ್ರೆಡಿಟ್ ಕೊಡುತ್ತಾರಾ? ಕೊಡದಿದ್ದರೆ ಮಕ್ಕಳಿಂದ ಕ್ರೆಡಿಟ್ ಬೈ ಎಕ್ಸಾಂ (ತರಗತಿಗೆ ಕೂರದೆ ಪರೀಕ್ಷೆ ಬರೆದು ಕ್ರೆಡಿಟ್ ಪಡೆಯುವುದು) ಬರೆಸಿದವರು ಇದ್ದೀರಾ? ಕಲಿತದ್ದನ್ನೇ ಇನ್ನೊಂದು ವರ್ಷ ಸುಮ್ನೆ ಕೂತು ಕೇಳುವುದು ಮಗುವಿಗೆ ನ್ಯಾಯ ಅಲ್ಲ.

ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗೆ 2 ಕ್ರೆಡಿಟ್ ಬೇಕು. ಅವಳಿಗೆ ಕನ್ನಡ ಓದಲು, ಬರೆಯಲು ಚೆನ್ನಾಗಿ ಬರುತ್ತದೆ. ಕನ್ನಡದಲ್ಲೇ ಆ ಕ್ರೆಡಿಟ್ ಪಡೆದವರು ಯಾವ ಪರೀಕ್ಷೆ ಬರೆಸಿದಿರಿ?

ಅಂಕಪಟ್ಟಿ ಜೊತೆ ಸಿಲಬಸ್‌ಗೂ ಶಾಲೆಯ ಸೀಲು ಹಾಕಿಸಬೇಕಾ? ಬೇಸಿಗೆ ರಜೆಗೆ ಶಾಲೆ ಮುಚ್ಚುವ ಮೊದಲೇ ಮಾಡಿಸಬೇಕು. ದಯವಿಟ್ಟು ತಿಳಿಸಿ.