ಹುಟ್ಟಿದ ಮಗುವಿಗೆ ಇನ್ಶೂರೆನ್ಸ್ ಯಾವ ದಿನದಿಂದ? ಎಚ್‌ಆರ್ ಒಂದು ಹೇಳ್ತಾರೆ, ಏಜೆಂಟ್ ಇನ್ನೊಂದು

ತುಂಗಾತೀರ:
ಮುಂದಿನ ತಿಂಗಳು ಹೆರಿಗೆ. ನನ್ನ ಕೆಲಸ ಬೆಂಗಳೂರಲ್ಲಿ, ಹೆರಿಗೆ ಹೆಂಡತಿಯ ತವರು ಶಿವಮೊಗ್ಗದಲ್ಲಿ. ಕಂಪನಿಯ ಗ್ರೂಪ್ ಪಾಲಿಸಿ 5 ಲಕ್ಷದ್ದು, ಅದರಲ್ಲಿ ಹೆರಿಗೆಗೆ 60,000 ರೂ. ಮಿತಿ. ನಾವೇ ಮಾಡಿಸಿದ ಫ್ಯಾಮಿಲಿ ಫ್ಲೋಟರ್ (ಇಡೀ ಕುಟುಂಬಕ್ಕೆ ಒಂದೇ ಪಾಲಿಸಿ) 10 ಲಕ್ಷದ್ದು, ಅದಕ್ಕೆ ಹೆರಿಗೆ ಕವರ್ ಇಲ್ಲ. ಎಚ್‌ಆರ್‌ನವರು "ಮಗುವಿಗೆ ಮೊದಲ ದಿನದಿಂದಲೇ ಇದೆ" ಅಂತಾರೆ. ಏಜೆಂಟ್ "90 ದಿನ ತುಂಬದೆ ಸೇರಿಸೋಕೆ ಬರಲ್ಲ" ಅಂತಾರೆ. ಮಗುವನ್ನು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ಐಸಿಯು) ಇಡಬೇಕಾಗಿ ಬಂದರೆ ದುಡ್ಡು ಎಲ್ಲಿಂದ ಬರುತ್ತೆ? ನಾಮಕರಣ ಮೂರನೇ ತಿಂಗಳಲ್ಲಿ. ಹೆಸರೇ ಇಡದ ಮಗುವನ್ನು ಸೇರಿಸೋದು ಹೇಗೆ?

ಟಿಪಿಎ_ಡೆಸ್ಕ್:
ಇಬ್ಬರೂ ಹೇಳಿದ್ದು ನಿಜವೇ. ಎಚ್‌ಆರ್ ಗ್ರೂಪ್ ಪಾಲಿಸಿ ಬಗ್ಗೆ ಹೇಳಿದ್ದಾರೆ, ಏಜೆಂಟ್ ನಿಮ್ಮ ಸ್ವಂತ ಪಾಲಿಸಿ ಬಗ್ಗೆ. ಹಾಗಾಗಿ ಮೊದಲ 90 ದಿನ ನಿಮಗೆ ಆಗಿಬರೋದು ಗ್ರೂಪ್ ಪಾಲಿಸಿ ಒಂದೇ ಎಂದು ಇಟ್ಟುಕೊಳ್ಳಿ.

ಆದರೆ "ಮೊದಲ ದಿನದಿಂದ ಇದೆ" ಅನ್ನೋ ಬಾಯಿಮಾತು ಸಾಲದು. ಎಚ್‌ಆರ್‌ಗೆ ಇವತ್ತೇ ಮೇಲ್ ಹಾಕಿ ಎರಡು ವಿಷಯ ಬರಹದಲ್ಲಿ ತರಿಸಿಕೊಳ್ಳಿ. ಒಂದು, ಮಗುವಿನ ಚಿಕಿತ್ಸೆ ಖರ್ಚು ಹೆರಿಗೆಯ 60,000ದೊಳಗೇ ಬರುತ್ತೋ, ಇಡೀ 5 ಲಕ್ಷದಿಂದ ಸಿಗುತ್ತೋ. ಮುಖ್ಯ ವಿಷಯ ಇರೋದು ಇದರಲ್ಲೇ. ಸಿಸೇರಿಯನ್ ಆದರೆ ಆ 60,000 ತಾಯಿಯ ಬಿಲ್ಲಿಗೇ ಮುಗಿದುಹೋಗುತ್ತೆ, ಎನ್‌ಐಸಿಯುಗೆ ಉಳಿಯೋದು ಸೊನ್ನೆ. ಎರಡು, ಹುಟ್ಟಿದ ಎಷ್ಟು ದಿನದೊಳಗೆ ಮಗುವನ್ನು ಸೇರಿಸಬೇಕು. ಸಾಮಾನ್ಯವಾಗಿ 30 ದಿನ, ಕೆಲವು ಕಂಪನಿಗಳಲ್ಲಿ 15. ಆ ಗಡುವು ದಾಟಿದರೆ ಮುಂದಿನ ವರ್ಷದ ರಿನ್ಯೂವಲ್‌ವರೆಗೆ ಕಾಯಬೇಕಾಗಬಹುದು.

ಪೋರ್ಟಲ್‌ನಲ್ಲಿ ಸೇರಿಸಿದ ಮೇಲೂ ಟಿಪಿಎ (ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಆ್ಯಪ್‌ನಲ್ಲಿ ಮಗುವಿನ ಇ-ಕಾರ್ಡ್ ಬರುವವರೆಗೆ ಬೆನ್ನು ಹತ್ತಿ. ಹೊಸ ಸದಸ್ಯರ ಪ್ರೀಮಿಯಂ ಕಂಪನಿ ಇನ್ಶೂರೆನ್ಸಿನವರ ಬಳಿ ಮುಂಗಡವಾಗಿ ಇಟ್ಟಿರುವ ಸಿಡಿ (ಕ್ಯಾಶ್ ಡೆಪಾಸಿಟ್) ಬ್ಯಾಲೆನ್ಸ್‌ನಿಂದ ಕಡಿತವಾಗುತ್ತೆ. ಅಲ್ಲಿ ದುಡ್ಡಿಲ್ಲದಿದ್ದರೆ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಹೆಸರು ಸೇರಿಸುವ ತಿದ್ದುಪಡಿ) ಸುಮ್ಮನೆ ಕೂತಿರುತ್ತೆ, ಯಾರೂ ನಿಮಗೆ ಹೇಳಲ್ಲ.

ಅಡಿಕೆತೋಟ:
ಹೆಸರಿಟ್ಟು ಜನನ ಪ್ರಮಾಣಪತ್ರ ಬಂದ ಮೇಲೆ ಸೇರಿಸಿದರೆ ಸಾಕಲ್ವಾ? ಹೆಸರು ಆಮೇಲೆ ತಿದ್ದಿಸೋದು ತಲೆನೋವು.

ಟಿಪಿಎ_ಡೆಸ್ಕ್:
ಬೇಡ, 30 ದಿನ ದಾಟಿಹೋಗುತ್ತೆ. "ಬೇಬಿ ಆಫ್" ಅಂತ ತಾಯಿಯ ಹೆಸರು ಹಾಕಿ, ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ ಬರೆದು ಸೇರಿಸಬಹುದು. ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ ಅಥವಾ ಜನನದ ಪತ್ರ ಲಗತ್ತಿಸಿ. ಜನನ ನೋಂದಣಿಗೂ ಹೆಸರು ಬೇಕಿಲ್ಲ. 21 ದಿನದೊಳಗೆ ನೋಂದಣಿ ಆದರೆ ಆಯ್ತು, ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಪಾಲಿಸಿಯಲ್ಲಿ ಹೆಸರು ಬದಲಿಸೋಕೆ ಆಮೇಲೆ ಒಂದು ಮೇಲ್ ಸಾಕು. ತಾಯಿಯ ಹೆಸರಿನ ಕಾಗುಣಿತ, ಇನಿಷಿಯಲ್ ಮಾತ್ರ ಆಸ್ಪತ್ರೆ ದಾಖಲೆಯಲ್ಲೂ ಪಾಲಿಸಿಯಲ್ಲೂ ಒಂದೇ ಇರಲಿ. ಕ್ಲೇಮ್‌ನಲ್ಲಿ ಕ್ವೆರಿ ಬರೋದು ಹೆಚ್ಚಾಗಿ ಅಲ್ಲಿಂದಲೇ. ಅವಳಿ ಆದರೆ ಎರಡೂ ಮಕ್ಕಳನ್ನು ಬೇರೆ ಬೇರೆ ಸೇರಿಸಬೇಕು.

ಬಿಲ್ಲಿಂಗ್ ಕೌಂಟರ್:
ಆಸ್ಪತ್ರೆ ಕಡೆಯ ಮಾತು ಹೇಳ್ತೀನಿ. ಮಗು ಎನ್‌ಐಸಿಯುಗೆ ಹೋದ ಗಳಿಗೆಯಿಂದ ಅದು ಬೇರೆ ರೋಗಿ. ಬೇರೆ ಐಪಿ ನಂಬರ್ (ಒಳರೋಗಿ ಸಂಖ್ಯೆ), ಬೇರೆ ಕೇಸ್ ಶೀಟ್, ಬೇರೆ ಪ್ರೀ-ಆಥ್ (ಕ್ಯಾಶ್‌ಲೆಸ್‌ಗೆ ಮುಂಚಿತ ಅನುಮೋದನೆ), ಬೇರೆ ಡಿಸ್ಚಾರ್ಜ್ ಸಮರಿ. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಇಷ್ಟೆಲ್ಲ ಯಾಕೆ ಅಂತ ಮಗುವಿನ ಖರ್ಚನ್ನು ತಾಯಿಯ ಬಿಲ್ಲಿಗೇ ಸೇರಿಸಿಬಿಡ್ತಾರೆ. ಆಗ ಎಲ್ಲವೂ ಹೆರಿಗೆ ಮಿತಿಯೊಳಗೆ ಹೋಗಿ ಉಳಿದದ್ದು ನಿಮ್ಮ ಜೇಬಿಗೆ. ಅಡ್ಮಿಷನ್ ದಿನವೇ ಹೇಳಿ ಬೇರೆ ಫೈಲ್ ಮಾಡಿಸಿ. ಬಿಲ್ ಆದಮೇಲೆ ಒಡೆಯೋದು ತುಂಬ ಕಷ್ಟ.

ಎನ್‌ಐಸಿಯು ತುರ್ತು ದಾಖಲಾತಿ, ಆದ್ದರಿಂದ 24 ಗಂಟೆಯೊಳಗೆ ಟಿಪಿಎಗೆ ತಿಳಿಸಿಬಿಡಿ. 2024ರ ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಅರ್ಜಿಗೆ 1 ಗಂಟೆಯಲ್ಲಿ, ಡಿಸ್ಚಾರ್ಜ್‌ನ ಕೊನೆಯ ಅನುಮೋದನೆಗೆ 3 ಗಂಟೆಯಲ್ಲಿ ಉತ್ತರ ಕೊಡಬೇಕು. ಗಡಿಯಾರ ಓಡೋಕೆ ಶುರುವಾಗೋದು ಆಸ್ಪತ್ರೆ ಪೂರ್ತಿ ಕಾಗದ ಕಳಿಸಿದ ಮೇಲೆ, ಅದು ಗೊತ್ತಿರಲಿ.

ಸಮರಿಯಲ್ಲಿ ಕಾಯಿಲೆ ಏನು ಅಂತ ಸ್ಪಷ್ಟವಾಗಿರಬೇಕು: ಎಷ್ಟು ವಾರಕ್ಕೆ ಹುಟ್ಟಿದ್ದು, ತೂಕ, ಉಸಿರಾಟದ ತೊಂದರೆಯೋ ಸೋಂಕೋ. "ಅಬ್ಸರ್ವೇಷನ್" ಅಂತಷ್ಟೇ ಬರೆದರೆ ಚಿಕಿತ್ಸೆಯೇ ಆಗಿಲ್ಲ ಅಂತ ತಿರಸ್ಕರಿಸ್ತಾರೆ. ಕಾಮಾಲೆಗೂ ಅಷ್ಟೇ: ಬಿಲಿರುಬಿನ್ ರಿಪೋರ್ಟ್, ಫೋಟೋಥೆರಪಿ (ಬೆಳಕಿನ ಚಿಕಿತ್ಸೆ) ಶುರು ಮಾಡಿದ ಮತ್ತು ನಿಲ್ಲಿಸಿದ ಹೊತ್ತು ಎರಡೂ ಕೇಸ್ ಶೀಟ್‌ನಲ್ಲಿ ಇರಲಿ.

ಬರದೇ ಇರೋದು: ಬೇಬಿ ಫುಡ್, ಡಯಾಪರ್‌ನಂಥವು. ಐಆರ್‌ಡಿಎಐನ 68 ಐಟಂಗಳ ಪಟ್ಟಿ ಶುರುವಾಗೋದೇ ಬೇಬಿ ಫುಡ್‌ನಿಂದ! ಆರೋಗ್ಯವಾಗಿರುವ ಮಗುವಿನ ಕಿವಿ ಪರೀಕ್ಷೆ, ಹಿಮ್ಮಡಿ ರಕ್ತದ ಸ್ಕ್ರೀನಿಂಗ್ ಕೂಡ ಸಾಮಾನ್ಯವಾಗಿ ಸಿಗಲ್ಲ. ತಾಯಿಗೆ ಡಿಸ್ಚಾರ್ಜ್ ಆಗಿ ಮಗು ಒಳಗೇ ಉಳಿದರೆ, ಹಾಲುಣಿಸೋಕೆ ಅಂತ ತಾಯಿ ಇಟ್ಟುಕೊಂಡ ರೂಮಿನ ಬಾಡಿಗೆ ನಿಮ್ಮದೇ. ರೂಮ್ ಬಾಡಿಗೆ ಮಿತಿ ದಾಟಿದಾಗ ಇಡೀ ಬಿಲ್ಲಿಗೆ ಅದೇ ಅನುಪಾತದಲ್ಲಿ ಕತ್ತರಿ ಹಾಕ್ತಾರಲ್ಲ, ಅದನ್ನು ಐಸಿಯು ಶುಲ್ಕಕ್ಕೆ ಹಾಕುವಂತಿಲ್ಲ. ಹಾಕಿದ್ದರೆ ಪ್ರಶ್ನಿಸಿ.

ಪಾಲಿಸಿ ಓದುಗ:
ಸ್ವಂತ ಪಾಲಿಸಿಯ ವಿಷಯ. ಐಆರ್‌ಡಿಎಐ ವ್ಯಾಖ್ಯೆಯಲ್ಲಿ ನವಜಾತ ಶಿಶು ಅಂದರೆ ಪಾಲಿಸಿ ಅವಧಿಯಲ್ಲಿ ಹುಟ್ಟಿದ, 90 ದಿನದವರೆಗಿನ ಮಗು. ಹೆರಿಗೆ ಅಥವಾ ನವಜಾತ ಶಿಶು ಕವರ್ ಇರುವ ಪಾಲಿಸಿಗಳು ಮಾತ್ರ ಈ ಅವಧಿಗೆ ರಕ್ಷಣೆ ಕೊಡ್ತವೆ. ಕೆಲವು 16ನೇ ದಿನದಿಂದ, ಅದೂ ಸಣ್ಣ ಮೊತ್ತದ ಮಿತಿಯಲ್ಲಿ. ನಿಮ್ಮದರಲ್ಲಿ ಹೆರಿಗೆ ಕವರ್ ಇಲ್ಲ ಅಂದಿರಿ, ಆದರೂ "ನ್ಯೂ ಬಾರ್ನ್" ಅಂತ ಪಾಲಿಸಿ ಪುಸ್ತಕದಲ್ಲಿ ಒಮ್ಮೆ ಹುಡುಕಿ.

91ನೇ ದಿನ ಸೇರಿಸುವಾಗ ಎನ್‌ಐಸಿಯುನಲ್ಲಿ ಇದ್ದಿದ್ದರೆ ಸಮರಿ ಸಮೇತ ತಿಳಿಸಲೇಬೇಕು. ಮುಚ್ಚಿಟ್ಟರೆ 60 ತಿಂಗಳು ತುಂಬುವವರೆಗೆ ಅದನ್ನೇ ಎತ್ತಿ ಕ್ಲೇಮ್ ನಿರಾಕರಿಸೋಕೆ ಅವರಿಗೆ ದಾರಿ ಇರುತ್ತೆ. ಪಾಲಿಸಿ ಎಷ್ಟೇ ಹಳೆಯದಾದರೂ ಮಗುವಿನ ವೇಟಿಂಗ್ ಪಿರಿಯಡ್ (ಕೆಲವು ಕಾಯಿಲೆಗೆ ಕ್ಲೇಮ್ ಸಿಗದ ಆರಂಭದ ಅವಧಿ) ಸೇರಿಸಿದ ದಿನದಿಂದ ಹೊಸದಾಗಿ ಶುರು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಹರ್ನಿಯಾ ಹೆಚ್ಚು, ಆದರೆ ಅದು ಸಾಮಾನ್ಯವಾಗಿ 24 ತಿಂಗಳು ಕಾಯಬೇಕಾದ ಕಾಯಿಲೆಗಳ ಪಟ್ಟಿಯಲ್ಲಿರುತ್ತೆ. ಅದಕ್ಕೇ ಸೇರಿಸೋದನ್ನು ರಿನ್ಯೂವಲ್‌ಗೆ ತಳ್ಳದೆ ಮಧ್ಯದಲ್ಲೇ ಸೇರಿಸಿಕೊಳ್ತಾರಾ ಕೇಳಿ.

ಹುಟ್ಟಿನಿಂದ ಬಂದ ನ್ಯೂನತೆಗಳಲ್ಲಿ ಎರಡು ಬಗೆ. ಹೃದಯದ ರಂಧ್ರದಂಥದ್ದು ಒಳಗಿನದು, ಸೀಳುತುಟಿ ಹೊರಗಿನದು. ಹೊರಗಿನದನ್ನು ಬಹಳ ಪಾಲಿಸಿಗಳು ಕೈಬಿಡ್ತವೆ. ಗ್ರೂಪ್ ಪಾಲಿಸಿಯಲ್ಲೂ ಇದನ್ನು ಕೇಳಿಟ್ಟುಕೊಳ್ಳಿ.

ಆಶಾ_ಜೊತೆ:
ಈ ಥ್ರೆಡ್ ಓದುವ ಎಲ್ಲರ ಹತ್ತಿರ ಕಂಪನಿ ಪಾಲಿಸಿ ಇರಲ್ಲ, ಅದಕ್ಕೆ ಸೇರಿಸ್ತಿದ್ದೀನಿ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯೂ ಕಾಯಿಲೆಯ ಶಿಶುವಿನ ಚಿಕಿತ್ಸೆ, ಔಷಧ, ಪರೀಕ್ಷೆ, ವಾಹನವೂ ಉಚಿತ. ಮಗುವಿಗೆ ಒಂದು ವರ್ಷದವರೆಗೆ. ಶಿವಮೊಗ್ಗದಲ್ಲಾದರೆ ಮೆಗ್ಗಾನ್ ಸರ್ಕಾರಿ ಆಸ್ಪತ್ರೆ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ತುರ್ತು ಇಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗೋಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಇನ್ನೊಂದು: ಹೆರಿಗೆಗೆ ನೋಡಿರುವ ಆಸ್ಪತ್ರೆ ನೆಟ್‌ವರ್ಕ್‌ನಲ್ಲಿದೆ, ಆದರೆ ಅಲ್ಲಿ ಎನ್‌ಐಸಿಯು ಇಲ್ಲ. ಬೇರೆ ಕಡೆ ಒಯ್ಯಬೇಕಾಗಿ ಬಂದರೆ?

ಬಿಲ್ಲಿಂಗ್ ಕೌಂಟರ್:
ಅದನ್ನು ಈಗಲೇ ನಿರ್ಧರಿಸಿ. ಊರಲ್ಲಿ ಎನ್‌ಐಸಿಯು ಇರುವ ಎರಡು ನೆಟ್‌ವರ್ಕ್ ಆಸ್ಪತ್ರೆ ಗುರುತು ಮಾಡಿಟ್ಟು, ಅಲ್ಲಿನ ಇನ್ಶೂರೆನ್ಸ್ ಡೆಸ್ಕ್‌ಗೆ ಫೋನ್ ಮಾಡಿ "ನಮ್ಮ ಟಿಪಿಎ ಈಗಲೂ ನಡೀತಿದೆಯಾ" ಅಂತ ಕೇಳಿ. ವೆಬ್‌ಸೈಟ್ ಪಟ್ಟಿ ಹಳೆಯದಿರುತ್ತೆ. ಒಯ್ಯುವಾಗ ಮೊದಲ ಆಸ್ಪತ್ರೆಯಿಂದ ರೆಫರಲ್ ಪತ್ರ ಪಡೆಯಿರಿ, "ವೈದ್ಯರ ಸಲಹೆಗೆ ವಿರುದ್ಧವಾಗಿ ಡಿಸ್ಚಾರ್ಜ್" ಅಂತ ಬರೆಸಿಕೊಳ್ಳಬೇಡಿ. ಹೊಸ ಆಸ್ಪತ್ರೆಯಲ್ಲಿ ಪ್ರೀ-ಆಥ್ ಮೊದಲಿಂದ. ಮಗುವಿನ ಕಾರ್ಡ್ ಬಂದಿರಲ್ಲ, ನಿಮ್ಮ ಇ-ಕಾರ್ಡ್, ನಿಮ್ಮಿಬ್ಬರ ಆಧಾರ್, ಹುಟ್ಟಿದ ಸಮಯ ಇರುವ ಆಸ್ಪತ್ರೆ ಪತ್ರ ಕೊಡಿ. ನೆಟ್‌ವರ್ಕ್ ಅಲ್ಲದಿದ್ದರೂ 2024ರ ಜನವರಿಯಿಂದ ಕ್ಯಾಶ್‌ಲೆಸ್ ಕೇಳಬಹುದು, ದಾಖಲಾದ 48 ಗಂಟೆಯೊಳಗೆ ತಿಳಿಸಬೇಕು. ಆಸ್ಪತ್ರೆ ಒಪ್ಪದಿದ್ದರೆ ಕಟ್ಟಿ ರೀಇಂಬರ್ಸ್‌ಮೆಂಟ್ ಹಾಕೋದೇ. ಆಗ ಪ್ರತಿ ಔಷಧಿ ಬಿಲ್ಲಿನ ಮೂಲ ಪ್ರತಿ, ರಸೀದಿ, ಎಲ್ಲ ರಿಪೋರ್ಟ್ ಬೇಕು. ಕೊಡುವ ಮುಂಚೆ ಪೂರ್ತಿ ಫೈಲ್ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.